ಹನ್ನೆರಡೂವರೆಯ ಹೆಸರುಗಳು

ರೇಡಿಯೋ ಬಿಸಿಯಾದಾಗ ಅದರ ಹಿಂದಿನಿಂದ ಒಂದು ವಾಸನೆ ಬರುತ್ತಿತ್ತು. ಕಾದ ಧೂಳಿನದು, ಮರದ ಮೆರುಗೆಣ್ಣೆಯದು, ಪಕ್ಕದಲ್ಲೇ ಕಿವಿಗೊಟ್ಟು ಕೂತ ಅಜ್ಜಿಯ, ಅವರ ಮಾತಿನಲ್ಲಿ ಆಜಿಯ, ತಲೆಯ ಕೊಬ್ಬರಿ ಎಣ್ಣೆಯದು. ದುಲಾರಿಗೆ ಬಾಲ್ಯವೆಂದರೆ ಮೊದಲು ನೆನಪಾಗುವುದು ಆ ವಾಸನೆ, ಆಮೇಲೆ ಆ ಮೌನ.

ಮಧ್ಯಾಹ್ನ ಹನ್ನೆರಡೂವರೆಗೆ ಕೂವಾ ಊರಿನ ಕಬ್ಬಿನ ಗದ್ದೆಗಳ ನಡುವಿನ ಅವರ ಓಣಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅದು ರೇಡಿಯೋದಲ್ಲಿ ಸಾವಿನ ಸುದ್ದಿ ಓದುವ ಹೊತ್ತು. ಮೊದಲು ತೀರಿಕೊಂಡವರ ಹೆಸರು, ಆಮೇಲೆ ಮಕ್ಕಳು, ಒಡಹುಟ್ಟಿದವರು, ಮೊಮ್ಮಕ್ಕಳು... ಒಬ್ಬೊಬ್ಬರ ಹೆಸರೂ ಬರುತ್ತಿತ್ತು. ಹೆಸರು ಬಂದವರು ಮನೆಯವರು, ಬರದವರು ಹೊರಗಿನವರು. ಇಡೀ ಟ್ರಿನಿಡಾಡ್‌ನ ಕಿವಿಗೆ ಬಿದ್ದ ಮೇಲೆ ಅದನ್ನು ತಿದ್ದುವುದು ಯಾರಿಂದಲೂ ಆಗುತ್ತಿರಲಿಲ್ಲ.

ಅವಳ ಅಜ್ಜ, ಆಜಾ, ತೀರಿಕೊಂಡ ವರ್ಷ ದುಲಾರಿಗೆ ಇಪ್ಪತ್ತೆರಡು. ಅವನ ಕ್ರಿಯೆ ಮುಗಿದ ಮೂರನೇ ವಾರ ಅವಳು ಹೊಲಿಗೆಯನ್ನು ಅರ್ಧಕ್ಕೆ ಬಿಟ್ಟು ಸ್ಯಾನ್ ಫರ್ನಾಂಡೋ ಪೇಟೆಯ ಬಸ್ಸು ಹತ್ತಿದಳು. ರೇಡಿಯೋ ಕಚೇರಿಯ ಕಿಟಕಿಯ ಮುಂದೆ ನಿಂತು ಒಳಗೆ ಬಗ್ಗಿ ನೋಡಿದಳು.

"ಇಲ್ಲಿ ಸಾವಿನ ಸುದ್ದಿ ಓದೋದು ಯಾರು?"

ಒಳಗಿದ್ದ ಎತ್ತರದ ಕಪ್ಪು ಯುವಕ ತಲೆಯೆತ್ತಿದ. ಬಿಳಿ ಅಂಗಿ, ಕಿವಿಯ ಮೇಲೆ ಪೆನ್ಸಿಲ್.

"ನಾನೇ ಮಿಸ್. ಆಲ್‌ರಿಕ್ ಅಂತ. ಸುದ್ದಿ ಇದ್ರೆ ಕಾಗದ ಇಲ್ಲಿ ಕೊಡಿ."

"ಕೊಟ್ಟಾಗಿತ್ತು. ಹದಿನೇಳು ಹೆಸರು ಬರೆದುಕೊಟ್ಟಿದ್ವಿ. ನೀವು ಓದಿದ್ದು ನಾಲ್ಕು. ಆಮೇಲೆ ಏನಂದ್ರಿ, ನೆನಪಿದೆಯಾ?"

ಅವನ ಮುಖ ಬಾಡಿತು. "ಮತ್ತು ಇತರ ಬಂಧುಗಳು."

"ನಮ್ಮ ಆಜಾಗೆ ಇದ್ದದ್ದು ಒಬ್ಬಳೇ ತಂಗಿ. ಪೆನಾಲ್ ಊರಲ್ಲಿ ರೇಡಿಯೋ ಮುಂದೆ ಕೂತು ತನ್ನ ಹೆಸರಿಗೆ ಕಾದಿದ್ದಾಳೆ. ನಾವು ಬೇಕಂತಲೇ ಬಿಟ್ವಿ ಅಂದ್ಕೊಂಡು ಬರಲೇ ಇಲ್ಲ. ಅಣ್ಣನ ಮುಖ ನೋಡಲಿಲ್ಲ ಅವಳು. ನಿಮ್ಮಂಥ ಪೇಟೆಯವರಿಗೆ ನಮ್ಮ ಹೆಸರು ಅಂದ್ರೆ ಕಬ್ಬಿನ ಸಿಪ್ಪೆ, ಅಲ್ವಾ? ಉಗಿದ್ರೆ ಆಯ್ತು."

'ಈಗ ಜಗಳಕ್ಕೆ ಬರುತ್ತಾನೆ' ಎಂದುಕೊಂಡಳು. ಬರಲಿಲ್ಲ. ಅವನು ಕಿವಿಯ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟ.

"ಭಯ ಮಿಸ್. ಮೊದಲನೇ ತಿಂಗಳು ಒಂದು ಹೆಸರು ತಪ್ಪು ಓದಿದೆ. ಮನೆಯವರು ಅಳ್ತಾ ಇದ್ರೆ ಅಕ್ಕಪಕ್ಕದವರು ನಕ್ರಂತೆ. ಆವತ್ತಿಂದ ಕಷ್ಟದ ಹೆಸರು ಬಂದ್ರೆ ಬಿಟ್ಟುಬಿಡ್ತೀನಿ. ತಪ್ಪು ಹೇಳೋದಕ್ಕಿಂತ ಹೇಳದೇ ಇರೋದು ಮರ್ಯಾದೆ ಅಂದ್ಕೊಂಡಿದ್ದೆ."

ದುಲಾರಿ ಮೇಜಿನ ಮೇಲಿನ ಆ ಪೆನ್ಸಿಲನ್ನೇ ನೋಡಿದಳು. ಬೈಯಲು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ...

"ನೀವು ಹೇಳಿಕೊಡ್ತೀರಾ?" ಎಂದ ಅವನು.

ಹಾಗೆ ಶನಿವಾರಗಳು ಶುರುವಾದವು.

ದುಲಾರಿ ಗಾಳಿಪಟದ ಕಾಗದದ ಚೂರೊಂದನ್ನು ಅವನ ತುಟಿಯ ಮುಂದೆ ಹಿಡಿಯುತ್ತಿದ್ದಳು. ಆಜಾನ ಹೆಸರು, "ಭಗಲೂ" ಎಂದರೆ ಕಾಗದ ಅಲುಗಬೇಕು. "ಬಗಲೂ" ಎಂದರೆ ಅಲುಗುವುದಿಲ್ಲ.

"ಅಷ್ಟು ಜೋರಾಗಿ ಊದಬೇಡಿ. ನೀವೇನು ದೀಪ ಆರಿಸ್ತಾ ಇದ್ದೀರಾ?"

"ನಿಮ್ಮವರಿಗೆ ಉಸಿರು ಜಾಸ್ತಿ ಮಿಸ್."

"ನಿಮಗೆ ನೆಪ ಜಾಸ್ತಿ. ಇನ್ನೊಂದು ಸಲ."

ಝಗರೂ, ಫುಲ್‌ಬಸಿಯಾ, ಧನ್‌ಪತಿಯಾ. ಅವನು ತನ್ನದೇ ಗುರುತುಗಳನ್ನು ಹಾಕಿಕೊಂಡು ಒಂದು ನೋಟ್‌ಬುಕ್ಕಿನ ತುಂಬ ಬರೆದ. ಅವಳ ಹೆಸರನ್ನು ಮಾತ್ರ ಕೊನೆಗೆ ಕೇಳಿದ. ನಾಲಿಗೆಯ ತುದಿ ಹಲ್ಲಿಗೆ ತಾಗಬೇಕು ಎಂದಳು. ಅವನು ಕಣ್ಣುಮುಚ್ಚಿ ನಿಧಾನವಾಗಿ "ದುಲಾರಿ" ಎಂದ. ತನ್ನ ಹೆಸರು ಇಷ್ಟು ಮೆತ್ತಗಿದೆಯೆಂದು ಅವಳಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಐದನೇ ಶನಿವಾರ ಅವನು ಕಚೇರಿಯಲ್ಲಿರಲಿಲ್ಲ. ಬಿಸಿಲಲ್ಲಿ ಎರಡು ಗಂಟೆ ಕಾದು, ಮನಸ್ಸಿನಲ್ಲೇ ಅವನನ್ನು ಬೈದುಕೊಂಡು ವಾಪಸಾದಳು.

ಮರುದಿನ ಬೆಳಿಗ್ಗೆ ಅವರ ಮನೆಯ ಮುಂದೆ ಟ್ಯಾಕ್ಸಿಯಿಂದ ಇಳಿದವಳು ಆಜಾನ ತಂಗಿ ಜಸೋದ್ರಾ. ಮನೆಯವರೆಲ್ಲ ಅವಳನ್ನು ಫುವಾ, ಅಂದರೆ ಸೋದರತ್ತೆ, ಎನ್ನುತ್ತಿದ್ದರು. ಆಜಿ, ಫುವಾ ಇಬ್ಬರೂ ತಬ್ಬಿಕೊಂಡು ಅತ್ತರು. ಅಳು ಮುಗಿದ ಮೇಲೆ ಫುವಾ ದುಲಾರಿಯನ್ನು ಪಕ್ಕಕ್ಕೆ ಕರೆದಳು.

"ನಿನ್ನೆ ಒಬ್ಬ ಉದ್ದನೆಯ ಹುಡುಗ ಬಂದಿದ್ದ ಬೇಟಿ. ಬೇಲಿ ಹೊರಗೆ ನಿಂತು ಟೋಪಿ ತೆಗೆದ. ನಮ್ಮಣ್ಣನ ಸುದ್ದಿ ಶುರುವಿಂದ ಓದಿದ. ನಾಯಿ ಬೊಗಳ್ತಾನೇ ಇತ್ತು, ಅವನು ನಿಲ್ಲಿಸ್ಲಿಲ್ಲ. ಹದಿನೇಳೂ ಓದಿ, ತಪ್ಪು ನಂದು, ನಿಮ್ಮನೆಯವರದಲ್ಲ ಅಂದ."

"ನಿನ್ನ ಹೆಸರು ಸರಿಯಾಗಿ ಹೇಳಿದ್ನಾ ಫುವಾ?"

"ನನ್ನ ಗಂಡ ಬದುಕಿರೋವರೆಗೂ ನನ್ನ ಹೆಸರೇ ಹೇಳ್ಲಿಲ್ಲ. 'ಏ' ಅಂತಿದ್ದ. ಈ ಹುಡುಗ ಹೇಳಿದ ನೋಡು..." ಫುವಾ ಸೆರಗಿನಿಂದ ಮೂಗೊರೆಸಿಕೊಂಡಳು. ಅಣ್ಣನ ಮೊಮ್ಮಗಳ ಮುಖವನ್ನು ಒಂದು ಕ್ಷಣ ನೋಡಿ, ಇನ್ನೇನೂ ಕೇಳದೆ ಅವಳ ಕೆನ್ನೆ ತಟ್ಟಿದಳು.

ಅಂದು ರಾತ್ರಿ ದುಲಾರಿಗೆ ನಿದ್ದೆ ಬರಲಿಲ್ಲ. 'ಇವನು ನನ್ನವನು' ಎನ್ನುವುದು ಇಷ್ಟು ಸದ್ದಿಲ್ಲದೆ ಮನಸ್ಸಿಗೆ ಬಂದು ಕೂರುತ್ತದೆಯೇ?

ವರ್ಷ ಕಳೆಯಿತು. ಓಣಿಗೆ ಇವರಿಬ್ಬರ ಸುದ್ದಿ ಮುಟ್ಟಿತು, ಅಪ್ಪ ಹರಿಲಾಲನಿಗೂ ಮುಟ್ಟಿತು. ಅವನು ಕೂಗಾಡುವವನಲ್ಲ. ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಕಪ್ಪು ಹುಡುಗ? ಕ್ರಿಯೋಲ್?"

"ಹೂಂ, ಪಾ."

"ಬಿಡು ಅಂದ್ರೆ ಬಿಡ್ತೀಯಾ?"

"ಇಲ್ಲ, ಪಾ."

"ಹಾಗಿದ್ರೆ ನನ್ನ ಮಕ್ಕಳ ಹೆಸರು ಹೇಳುವಾಗ ನಿಂದು ಹೇಳಲ್ಲ."

ಅವಳ ಬಟ್ಟೆಯ ಗಂಟು ಫುವಾಳ ಮನೆ ಸೇರಿತು. ಅಲ್ಲಿಂದ ಆಲ್‌ರಿಕ್‌ಗೆ ಕಾಗದ ಬರೆದಳು. ಅವನು ಬರುತ್ತಾನೆ, ಬಂದೇ ಬರುತ್ತಾನೆ... ಬಂದದ್ದು ನಾಲ್ಕು ಸಾಲಿನ ಉತ್ತರ.

'ನಿಮ್ಮ ಹೆಸರು ನಿಮ್ಮವರ ಜೊತೆ ಇರಬೇಕು. ಅದನ್ನು ಅಳಿಸುವವನು ನಾನಾಗಲಾರೆ. ದಯವಿಟ್ಟು ಮನೆಗೆ ಹೋಗಿ. ನಾನು ಇನ್ನು ಬರುವುದಿಲ್ಲ.'

ಅವಳು ಅದನ್ನು ಹರಿಯಲಿಲ್ಲ, ಅಳಲೂ ಇಲ್ಲ. ಕಷ್ಟ ಕಂಡರೆ ಬಿಟ್ಟುಬಿಡುವ ಅವನ ಹಳೆಯ ಚಾಳಿ ಹೋಗಿಲ್ಲ ಎಂದುಕೊಂಡಳು. 'ನಾನೂ ಅವನಿಗೆ ಒಂದು ಕಷ್ಟದ ಹೆಸರಾದೆ.'

ಮನೆಗೂ ಹೋಗಲಿಲ್ಲ. ಎಂಟು ತಿಂಗಳು ಫುವಾಳ ಜಗುಲಿಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದಳು. ಹನ್ನೆರಡೂವರೆಗೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅವನ ದನಿ ಕೇಳುವುದು ಬೇಡವಾಗಿತ್ತು.

ಒಂದು ಗುರುವಾರ ಫುವಾ ಕೂಗಿದಳು. "ದುಲಾರಿ, ಬಾ ಇಲ್ಲಿ... ಬೇಗ ಬಾ."

"...ಫುಲ್‌ಬಸಿಯಾ. ಕೂವಾದ ದಿವಂಗತ ಭಗಲೂ ಅವರ ಪತ್ನಿ. ಹರಿಲಾಲ್ ಅವರ ತಾಯಿ. ಪೆನಾಲ್‌ನ ಜಸೋದ್ರಾ ಅವರ ಅತ್ತಿಗೆ..."

ಆಜಿ. ದುಲಾರಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಜಿ ಹೋದಳು, ತಾನು ಹತ್ತಿರ ಇರಲಿಲ್ಲ.

ಆಲ್‌ರಿಕ್ ನಿಧಾನವಾಗಿ ಓದುತ್ತಿದ್ದ. ಒಂದು ಹೆಸರನ್ನೂ ಬಿಡಲಿಲ್ಲ, ಒಂದೂ ಸೊಟ್ಟಗಾಗಲಿಲ್ಲ. ಈಗ ಮೊಮ್ಮಕ್ಕಳು. ಸೂರುಜ್, ಬಿಸ್‌ರಾಮ್, ಕಮ್ಲಾ... ತನ್ನದು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಪ್ಪ ಹೇಳಿದ ಮಾತು ಬದಲಿಸುವವನಲ್ಲ.

ರೇಡಿಯೋದಲ್ಲಿ ಒಂದು ಉಸಿರಿನಷ್ಟು ಹೊತ್ತು ಮಾತು ನಿಂತಿತು.

"...ಮತ್ತು ದುಲಾರಿ."

ನಾಲಿಗೆ ಹಲ್ಲಿಗೆ ತಾಗಿತ್ತು.

ಫುವಾ ಅವಳ ಕೈ ಹಿಡಿದಳು. "ಕರೆದಿದ್ದಾರೆ ಬೇಟಿ. ನಡಿ."

ಅವರು ಕೂವಾ ಮುಟ್ಟಿದಾಗ ಅಂಗಳದ ತುಂಬ ಜನ. "ಬಂದ್ಯಾ ಮಗಳೇ? ರೇಡಿಯೋದಲ್ಲಿ ಕೇಳಿದ್ವಿ. ಎಲ್ಲಿ ದುಲಾರಿ ಅಂತ ಆಗಿಂದ ನಿಮ್ಮಪ್ಪನ್ನ ಕೇಳ್ತಾನೇ ಇದ್ವಿ," ಎಂದಳು ಪಕ್ಕದ ಮನೆಯವಳು. ಹರಿಲಾಲ್ ಬಾಗಿಲಲ್ಲಿ ನಿಂತಿದ್ದ. ಊರೆಲ್ಲ ಕೇಳಿದ ಹೆಸರು ಅದು. ಅವನು ಮಗಳನ್ನು ನೋಡಿದ, ಪಕ್ಕಕ್ಕೆ ಸರಿದು ಒಳಗೆ ಹೋಗಲು ದಾರಿ ಬಿಟ್ಟ.

ಆಜಿಯ ಪಾದ ತಣ್ಣಗಿತ್ತು. ದುಲಾರಿ ಆಗ ಅತ್ತಳು, ಎಂಟು ತಿಂಗಳಿನದೆಲ್ಲ ಸೇರಿಸಿ.

ಹದಿಮೂರನೇ ದಿನದ ಊಟಕ್ಕೆ ಊರಿಗೆ ಊರೇ ಬಂದಿತ್ತು. ಅಂಗಳದಲ್ಲಿ ಬಿದಿರಿನ ಚಪ್ಪರ, ದೊಡ್ಡ ಪಾತ್ರೆಗಳಲ್ಲಿ ಅನ್ನ, ಬೇಳೆ, ಕುಂಬಳಕಾಯಿ ಪಲ್ಯ. ನೀರು ಬಡಿಸುತ್ತಿದ್ದ ದುಲಾರಿ ರಸ್ತೆಯ ಕಡೆ ನೋಡಿದಳು. ಮೋರಿಯ ಆಚೆ ಆಲ್‌ರಿಕ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಬಡವಾಗಿದ್ದ.

ಅವಳು ಚೊಂಬು ಕೆಳಗಿಟ್ಟು ಹೋದಳು.

"ಬರುವುದಿಲ್ಲ ಅಂತ ಬರೆದಿದ್ರಿ."

"ಬರೆದಿದ್ದೆ. ನಾನು ದೂರ ಇದ್ರೆ ನಿಮ್ಮನ್ನ ಮನೆಗೆ ಸೇರಿಸ್ಕೋತಾರೆ ಅಂದ್ಕೊಂಡೆ." ಅವನು ಟೋಪಿಯ ಅಂಚನ್ನು ತಿರುವುತ್ತಿದ್ದ. "ಆವತ್ತು ಆಜಿಯ ಸುದ್ದಿಯ ಕಾಗದ ಕೈಗೆ ಬಂದಾಗ ನೋಡಿದೆ. ಸೇರಿಸ್ಕೊಂಡಿರಲಿಲ್ಲ. ನಾನು ದೂರ ಇದ್ದದ್ದು ಯಾವ ಪ್ರಯೋಜನಕ್ಕೂ ಬರಲಿಲ್ಲ."

"ಕಾಗದದಲ್ಲಿ ಇಲ್ಲದ್ದನ್ನ ಓದಿದ್ರೆ ಕೆಲಸ ಹೋಗುತ್ತೆ, ಅಲ್ವಾ?"

"ಹೋಗಬಹುದು. ಓದುವಾಗ ಅದು ನೆನಪಿಗೇ ಬರಲಿಲ್ಲ." ಅವನು ತಲೆಯೆತ್ತಿದ. "ನನಗೆ ಈ ಜಗತ್ತಿನಲ್ಲಿ ಒಂದೇ ಒಂದು ಹೆಸರು ಬಿಡೋಕಾಗಲ್ಲ ದುಲಾರಿ. ಅದನ್ನ ದಿನಾ ಕರೀಬೇಕು ಅಂತ ಆಸೆ. ಮನೆಯಲ್ಲಿ... ಅಡುಗೆ ಆಯ್ತಾ ಅಂತ ಕೇಳೋಕೆ."

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. "ಅಡುಗೆ ನೀವೂ ಮಾಡ್ಬೇಕಾಗುತ್ತೆ."

"ಮಾಡ್ತೀನಿ."

ಹಿಂದಿನಿಂದ ಹೆಜ್ಜೆಯ ಸದ್ದಾಯಿತು. ಹರಿಲಾಲ್ ಬರುತ್ತಿದ್ದ. ತಲೆ ಬೋಳಿಸಿದ್ದರಿಂದ ಹತ್ತು ವರ್ಷ ದೊಡ್ಡವನಂತೆ ಕಾಣುತ್ತಿದ್ದ. ದುಲಾರಿ ಅಲ್ಲಿಂದ ಕದಲಲಿಲ್ಲ.

"ನಾನು ಕೊಟ್ಟ ಕಾಗದದಲ್ಲಿ ಅವಳ ಹೆಸರಿರಲಿಲ್ಲ," ಎಂದ ಅವನು ಆಲ್‌ರಿಕ್‌ನನ್ನು ನೋಡುತ್ತ.

"ಇರಲಿಲ್ಲ ಸರ್."

"ಮತ್ತೆ?"

ಆಲ್‌ರಿಕ್ ಟೋಪಿಯನ್ನು ಎದೆಗೊತ್ತಿಕೊಂಡ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ತಾಯಿ ಹೋದ ದಿನ ಕೂತು ಬರೆದಿದ್ದೀರಿ. ದುಃಖದಲ್ಲಿ ಒಂದು ಹೆಸರು ಬಿಟ್ಟುಹೋಗಿರಬೇಕು ಅಂದ್ಕೊಂಡೆ."

ಹರಿಲಾಲ್ ಬಹಳ ಹೊತ್ತು ಮೋರಿಯ ನೀರನ್ನೇ ನೋಡಿದ.

"ಹೂಂ," ಎಂದ ಕೊನೆಗೆ. "ಬಿಟ್ಟುಹೋಗಿತ್ತು."

ತಿರುಗಿ ಚಪ್ಪರದ ಕಡೆ ಹೋದ. ಅವನು ಬೆನ್ನು ತೋರಿಸಿ ಹೋಗಿಬಿಟ್ಟ ಎಂದೇ ದುಲಾರಿ ಅಂದುಕೊಂಡಳು.

ಅವನು ಊಟಕ್ಕೆ ಹಾಸುವ ಒಂದು ಅಗಲವಾದ ಸೊಹಾರಿ ಎಲೆ ಎತ್ತಿಕೊಂಡು ಒರೆಸಿದ. ಅನ್ನ ಬಡಿಸಿದ, ಬೇಳೆ ಹಾಕಿದ, ಕುಂಬಳಕಾಯಿಯನ್ನು ಎರಡು ಸೌಟು ಹಾಕಿದ. ಎರಡೂ ಕೈಯಲ್ಲಿ ಎಲೆ ಹಿಡಿದು, ತುಳುಕದಂತೆ ನಿಧಾನವಾಗಿ ಮೋರಿ ದಾಟಿ ಬಂದು, ಅದನ್ನು ಆಲ್‌ರಿಕ್‌ನ ಕೈಗೆ ಕೊಟ್ಟ.