ದಪ್ಪ ಹಲಗೆಯ ತಂಬೂರಿ

“ಚಾಚಾ, ಇದು ಮಾತೇ ಆಡವಲ್ದು!”

ಚಾಚಾರ ಅಂಗಡಿಯಲ್ಲಿ ಉಜ್ವಲಾ ತಂಬೂರಿಯ ತಂತಿಯನ್ನು ಮತ್ತೊಮ್ಮೆ ಮೀಟಿದಳು. ಟಕ್ ಎಂದಿತು, ಅಷ್ಟೇ. ಬಾಗಿಲು ಬಡಿದರೂ ಇದಕ್ಕಿಂತ ಚೆನ್ನಾಗಿ ಸದ್ದು ಬರುತ್ತದೆ.

ತಂಬೂರಿ ಅವಳ ಅಜ್ಜಿ ಕೌಸಲ್ಯಾಬಾಯಿಯದು. ಹೋದ ವಾರ ಮೈಲೂರಿನ ಮನೆಯಲ್ಲಿ ಕ್ಯಾಚ್ ಹಿಡಿಯಲು ಹಿಂದೆ ಹಿಂದೆ ಸರಿದ ಉಜ್ವಲಾ ಅದರ ಮೇಲೇ ಕಾಲಿಟ್ಟಿದ್ದಳು. ಕೆಳಗಿನ ಸೋರೆ ಬುರುಡೆ ಉಳಿಯಿತು, ಮೇಲಿನ ಹಲಗೆ ಸೀಳಿತು. ಅಜ್ಜಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅದಕ್ಕೇ ಅವಳು ಬಡಿಗ ಅಬ್ದುಲ ಗಫೂರರ ಹತ್ತಿರ ಹಟ ಹಿಡಿದಿದ್ದಳು: “ದಪ್ಪ ಹಲಗಿ ಹಾಕ್ರಿ ಚಾಚಾ. ಆನಿ ತುಳದ್ರೂ ಒಡೀಬಾರ್ದು.”

“ನಾ ಬ್ಯಾಡ ಅಂದೆ, ನೀ ಅಳಕೊಂತ ನಿಂತಿ,” ಎಂದರು ಚಾಚಾ ಈಗ. “ಹಲಗಿ ನಡುಗಿದ್ರ ಸದ್ದು ಬರ್ತದ. ಇಷ್ಟು ದಪ್ಪ ಹಲಗಿ ನಡುಗ್ಸಾಕ ಆ ಸಣ್ಣ ತಂತಿಗಿ ತಾಕತ್ ಎಲ್ಲಿ ಅದ?”

ಸಂಜೆ ಐದರ ಬಸ್ಸಿಗೆ ಅಜ್ಜಿ ಭಾಲ್ಕಿಗೆ ಹೊರಡಬೇಕು. ಅಲ್ಲಿಯ ಬುದ್ಧ ವಿಹಾರದಲ್ಲಿ ಅಜ್ಜಿಯ ಹಾಡು. ತಂಬೂರಿ ಇಲ್ಲದೆ ಅಜ್ಜಿ ಹಾಡಿದ್ದೇ ಇಲ್ಲ.

ಚಾಚಾ ತಂತಿ ಬಿಚ್ಚಿ, ಸಣ್ಣ ರಂದಾ ಹಿಡಿದು ಹಲಗೆ ಹೆರೆಯತೊಡಗಿದರು. ಎರಡು ಸಲ ಹೆರೆಯುವುದು, ಬೆರಳಿನಿಂದ ಬಡಿದು ಕೇಳುವುದು. ಟಕ್. ಮತ್ತೆ ಹೆರೆಯುವುದು. ಟಕ್. ಕಟ್ಟಿಗೆಯ ಸಿಪ್ಪೆ ಸುರುಳಿ ಸುರುಳಿಯಾಗಿ ಉದುರಿತು. ಕೊನೆಗೊಮ್ಮೆ ಡಬ್ ಎಂದಿತು.

“ನನ್ನ ಕಿವಿ ಮೊದಲಿನಂಗ ಇಲ್ಲ ಬೇಟಿ. ದಿನಾ ಕೇಳ್ದಾಕಿ ನೀನು. ಸಾಕೇನು, ಇನ್ನಾ ತೆಗೀಲೇನು?”

ಉಜ್ವಲಾ ಹಲಗೆಯ ಅಂಚು ನೋಡಿದಳು. ಆಗಲೇ ಎಷ್ಟು ತೆಳ್ಳಗಾಗಿದೆ!

“ಒಡದ್ರ?”

“ಒಡದ್ರ ಒಡೀತು. ಬ್ಯಾರೆ ಹಲಗಿ ಇಲ್ಲ ನನ್ನತ್ರ.”

ಸಾಕು ಎನ್ನಲು ಬಾಯಿ ತೆರೆದವಳು ತಡೆದುಕೊಂಡಳು. ಕಣ್ಣು ಮುಚ್ಚಿ, ತಾನೇ ಬಡಿದು ನೋಡಿದಳು. ಒಡೆಯುವ ಮೊದಲು ದಿನಾ ಬೆಳಗ್ಗೆ ಚಾದರ ಹೊದ್ದು ಮಲಗಿದ್ದರೂ ಅಜ್ಜಿಯ ತಂಬೂರಿ ಕೇಳಿಸುತ್ತಿತ್ತು. ಇದು ಇನ್ನೂ ಆ ಸದ್ದಲ್ಲ.

“ಇನ್ನ ಜರಾ ತೆಗೀರಿ ಚಾಚಾ,” ಎಂದಳು.

ರಂದಾ ಮತ್ತೆ ಎರಡು ಸಲ ಸರಿಯಿತು. ಚಾಚಾ ತಂತಿ ಬಿಗಿದರು. ಉಜ್ವಲಾ ಮೀಟಿದಳು. ಧುಂ ಎಂದ ನಾದ ಅಂಗಡಿ ತುಂಬಿತು. ಹಲಗೆಯ ಮೇಲಿಟ್ಟ ಅಂಗೈಯೂ ಜುಮ್ಮೆಂದಿತು.

ಮನೆಯಲ್ಲಿ ಅಜ್ಜಿ ತಂತಿ ಮೀಟಿ ಆಲಿಸಿ, “ಹಲಗಿ ಗಟ್ಟಿ ಅದನಾ?” ಎಂದು ಕೇಳಿದಳು.

“ಇಲ್ಲ ಆಯಿ. ತೆಳ್ಳಗ ಅದ. ಕಾಲಿಟ್ರ ಮತ್ತ ಒಡೀತದ.”

ಅಜ್ಜಿ ಸೀರೆಯ ಸೆರಗು ಸರಿಮಾಡಿಕೊಂಡು ಎದ್ದಳು.

“ಹಂಗಾದ್ರ ನೀನೂ ಬಾ, ಬಸ್ಸಿನ್ಯಾಗ ನೀನೇ ಹಿಡ್ಕೋ.”

ಉಜ್ವಲಾ ಎರಡೂ ಕೈ ಚಾಚಿದಳು.