ಹೆಸರಿನ ಹಾಳೆ

ಬಾಗಿಲು ಬಡಿದ ಸದ್ದಿಗೆ ವಿಜೇತಾಳ ಕೈಯಲ್ಲಿದ್ದ ಗಂಜಿಯ ಚಮಚ ಅಲ್ಲೇ ನಿಂತಿತು.

ರಾತ್ರಿ ಎಂಟೂವರೆ ದಾಟಿತ್ತು. ಪರ್ಕಳದ ಆ ಬಾಡಿಗೆ ಕೋಣೆಗೆ ಅಷ್ಟು ಹೊತ್ತಿನಲ್ಲಿ ಬರುವವರು ಯಾರೂ ಇರಲಿಲ್ಲ. ಅವಳು ಚಿಲಕ ತೆಗೆದಳು. ಹೊರಗೆ ಪ್ರತೀಕ್ ನಿಂತಿದ್ದ. ಹೆಲ್ಮೆಟ್ ತೆಗೆದಿರಲಿಲ್ಲ, ಗಾಜನ್ನು ಮಾತ್ರ ಮೇಲಕ್ಕೆ ಸರಿಸಿದ್ದ. ಆರು ತಿಂಗಳಿನಿಂದ ದಿನವೂ ನೋಡಿದ ಕಣ್ಣುಗಳವು. ಅವುಗಳಲ್ಲಿ ಎಂದಿನ ತುಂಟತನ ಇರಲಿಲ್ಲ.

ಅವನು ಅಂಗಿಯ ಜೇಬಿನಿಂದ ಒಂದು ಕಂದು ಲಕೋಟೆ ತೆಗೆದು ಚಾಚಿದ.

"ಇದು ನಿಮ್ಮ ಹತ್ತಿರ ಇರಲಿ."

"ಎಂತ ಇದು?"

"ನೋಡಿ. ಮತ್ತೆ ಎಂತ ಮಾಡಬೇಕು ಅಂತ ನೀವೇ ಹೇಳಿ."

ಅಷ್ಟೇ. ಬೈಕಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ಪಕ್ಕದ ಜಗಲಿಯಿಂದ ಮನೆಯೊಡತಿ ಬರ್ತಾ ಬಾಯಿ ಕತ್ತು ಚಾಚಿ, ಯಾರದು ಎಂದು ವಿಚಾರಿಸಿದರು. ಕೊರಿಯರಿನವರು ಎಂದು ವಿಜೇತಾ ಸುಳ್ಳು ಹೇಳಿದಳು.

"ಕೊರಿಯರಿನವನ ಹಿಂದೆ ಇಷ್ಟು ಹೊತ್ತು ಯಾರೂ ನೋಡುವುದಿಲ್ಲ ಮಾರಾಯ್ತಿ," ಎಂದು ಬರ್ತಾ ಬಾಯಿ ಒಳಗೆ ಹೋದರು.

ವಿಜೇತಾ ಲಕೋಟೆಯನ್ನು ದೀಪಕ್ಕೆ ಹಿಡಿದಳು. ಒಳಗೆ ಒಂದೇ ಒಂದು ಹಾಳೆ, ನಾಲ್ಕಾಗಿ ಮಡಚಿದ್ದು. ಆ ಮಡಿಕೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂಥ ನೂರಕ್ಕೂ ಹೆಚ್ಚು ಹಾಳೆಗಳನ್ನು ಅವಳು ಬಟ್ಟೆಯ ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿ ಇಟ್ಟಿದ್ದಳು. ಪ್ರತಿಯೊಂದರಲ್ಲಿಯೂ ಅವಳದೇ ಹೆಸರು. ಇದರಲ್ಲಿಯೂ ಅದೇ ಇರುತ್ತದೆ. ಈ ಒಂದು ಹಾಳೆಯಲ್ಲಿ ಮಾತ್ರ ಆ ಹೆಸರು ಅಪರಾಧಿಯ ಹೆಸರು.

ತೆರೆದು ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

*

ಹಯಗ್ರೀವ ಆಚಾರ್ಯರದು ಉಡುಪಿಯಲ್ಲಿ ಮೂವತ್ತು ವರ್ಷಗಳ ವಕೀಲಿಕೆ. ಕೋರ್ಟಿನ ಹಿಂದಿನ ರಸ್ತೆಯಲ್ಲಿ ಅವರದೇ ಕಟ್ಟಡ. ಮಾಳಿಗೆಯಲ್ಲಿ ಅವರ ಕಚೇರಿ, ಕೆಳಗೆ ಪ್ರತೀಕನ ಜೆರಾಕ್ಸ್ ಅಂಗಡಿ. ಕಾಗದಪತ್ರಗಳನ್ನು ಟೈಪ್ ಮಾಡಿ ಫೈಲಿಗೆ ಜೋಡಿಸುವುದು ವಿಜೇತಾಳ ಕೆಲಸ. ಒಂದು ದಾವೆಗೆ ಆರಾರು ಪ್ರತಿ ತೆಗೆಯುವಷ್ಟರಲ್ಲಿ ಕಚೇರಿಯ ಪುಟ್ಟ ಪ್ರಿಂಟರ್ ಏದುಸಿರು ಬಿಡುತ್ತಿತ್ತು. ಕೆಳಗಿನ ದೊಡ್ಡ ಯಂತ್ರವನ್ನು ಮೇಲಿನಿಂದಲೇ ಬಳಸುವಂತಾದರೆ ಹೇಗೆ ಎಂದು ಆಚಾರ್ಯರು ಕೇಳಿದರು. ಪ್ರತೀಕ್ ಕಿಟಕಿಯ ಮೂಲಕ ಕೇಬಲ್ ಎಳೆದು, ಅವಳ ಕಂಪ್ಯೂಟರನ್ನೂ ಆಚಾರ್ಯರ ಲ್ಯಾಪ್‌ಟಾಪನ್ನೂ ಎರಡು ಪ್ರಿಂಟರುಗಳಿಗೂ ಜೋಡಿಸಿಕೊಟ್ಟ. ಪರದೆಯ ಮೇಲೆ ಅವುಗಳಿಗೆ ಅವನಿಟ್ಟ ಹೆಸರು ಸರಳವಾಗಿತ್ತು: ‘ಮೇಲೆ’ ಮತ್ತು ‘ಕೆಳಗೆ’.

"ಇದಕ್ಕೊಂದು ದುರಭ್ಯಾಸ ಉಂಟು ಮೇಡಂ," ಎಂದು ಅವನು ಅಂದೇ ಎಚ್ಚರಿಸಿದ್ದ. "ಕೊನೆಯ ಸಲ ಯಾವುದಕ್ಕೆ ಕಳುಹಿಸಿದ್ದೀರೋ, ಮುಂದಿನದ್ದೂ ತಾನಾಗಿ ಅಲ್ಲಿಗೇ ಹೋಗುತ್ತದೆ. ಬೇಡ ಅಂತಾದರೆ ಎರಡು ಕ್ಲಿಕ್ಕಿನ ಕೆಲಸ."

ಗಿರಾಕಿಗಳ ಕಾಗದದೊಂದಿಗೆ ವಕೀಲರ ಕಾಗದ ಬೆರೆಯಬಾರದೆಂದು ಅವನು ಇನ್ನೊಂದು ಏರ್ಪಾಡು ಮಾಡಿದ್ದ. ಮೇಲಿನಿಂದ ಏನೇ ಬಂದರೂ ಅದರ ಮುಂದೆ ಒಂದು ಪ್ರತ್ಯೇಕ ಹಾಳೆ ಬರುತ್ತಿತ್ತು. ಅದರಲ್ಲಿ ಕಳುಹಿಸಿದವರ ಹೆಸರು ಮತ್ತು ವೇಳೆ, ಒಂದೇ ಸಾಲು.

ಮರುದಿನವೇ ವಿಜೇತಾಳ ಒಂದು ಪುಟದ ನೋಟಿಸು ತಪ್ಪಿ ಕೆಳಗೆ ಹೋಯಿತು. ಪ್ರತೀಕ್ ಅದನ್ನು ಹಿಡಿದು ಮೇಲೆ ಬಂದ. ಜೊತೆಗೆ ಆ ಹೆಸರಿನ ಹಾಳೆ, ನಾಲ್ಕಾಗಿ ಮಡಚಿ. ಅವನು ಮೆಟ್ಟಿಲಿಳಿದ ಮೇಲೆ ಅವಳು ಬಿಡಿಸಿ ನೋಡಿದಳು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಈ ಚೆಂದದ ಹೆಸರಿನವರು ಇನ್ನೂ ಚೆಂದ ನಗುತ್ತಾರಂತೆ, ನಿಜವಾ?

ಎರಡು ಕ್ಲಿಕ್ಕಿನ ಕೆಲಸ. ಅವಳು ಮಾಡಲಿಲ್ಲ.

ಆಮೇಲೆ ದಿನಕ್ಕೊಂದಾದರೂ ಕಾಗದ ತಪ್ಪಿ ಕೆಳಗೆ ಹೋಗತೊಡಗಿತು. ಅವನು ಬರುವ ಹೆಜ್ಜೆಯ ಸದ್ದು ಅವಳಿಗೆ ಬಾಯಿಪಾಠವಾಯಿತು. ಕೊನೆಯ ಮೆಟ್ಟಿಲಿನಲ್ಲಿ ಅವನು ಒಂದು ಕ್ಷಣ ನಿಲ್ಲುತ್ತಿದ್ದ. ಕೂದಲು ಸರಿಪಡಿಸಿಕೊಳ್ಳಲು ಎಂದು ಅವಳಿಗೆ ಕಿಟಕಿಯ ಗಾಜಿನಲ್ಲಿ ಕಾಣುತ್ತಿತ್ತು. ಅವಳು ಟೈಪ್ ಮಾಡುತ್ತಿರುವಂತೆ ನಟಿಸಿ, ಅವನು ಮೇಜಿನ ಬಳಿ ಬಂದ ಮೇಲೆಯೇ ತಲೆ ಎತ್ತುತ್ತಿದ್ದಳು. ಹಾಳೆಯ ಹಿಂಬದಿಯ ಮಾತುಗಳು ಬೆಳೆಯುತ್ತಾ ಹೋದವು. ಮೆಟ್ಟಿಲು ಹದಿನೆಂಟು ಉಂಟು, ನನ್ನ ಮಂಡಿಯ ಔಷಧಿ ನಿಮ್ಮ ಲೆಕ್ಕಕ್ಕೆ. ಇವತ್ತು ಹಸಿರು ಸೀರೆ ಅಂತ ಕೆಳಗಿನವರೆಗೆ ಸುದ್ದಿ ಬಂದಿದೆ.

ಇಬ್ಬರ ಮನೆಮಾತೂ ತುಳು. ಆದರೂ ಆ ಆರು ತಿಂಗಳಲ್ಲಿ ಅವರು ಒಬ್ಬರೊಡನೊಬ್ಬರು ತುಳುವಿನಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಕಚೇರಿಯ ಕನ್ನಡದ ಆ ‘ನೀವು’ ಒಂದು ಗೆರೆಯಂತಿತ್ತು. ದಾಟಿದರೆ ಮನಸ್ಸು ತೆರೆದು ಹೇಳಬೇಕಾಗುತ್ತದೆ ಎಂಬ ಅಂಜಿಕೆ ಇಬ್ಬರಿಗೂ ಇತ್ತು.

ಗುಟ್ಟಿನ ಕಾಗದಗಳಾದರೆ ವಿಜೇತಾ ತಪ್ಪದೆ ‘ಮೇಲೆ’ ಎಂಬುದನ್ನೇ ಆರಿಸುತ್ತಿದ್ದಳು. ಆ ವಿಷಯದಲ್ಲಿ ಅವಳು ಆಟವಾಡಿದವಳಲ್ಲ. ಆಚಾರ್ಯರಂತೂ ಪ್ರಿಂಟರಿನ ತಂಟೆಗೇ ಹೋಗುತ್ತಿರಲಿಲ್ಲ. ಒಂದು ಬುಧವಾರ ಮಾತ್ರ ಮೊಮ್ಮಗನ ಉಪನಯನದ ಆಮಂತ್ರಣವನ್ನು ತಮ್ಮ ಲ್ಯಾಪ್‌ಟಾಪಿನಿಂದ ತಾವೇ ಕೆಳಗಿನ ಯಂತ್ರಕ್ಕೆ ಕಳುಹಿಸಿ, ಐವತ್ತು ಪ್ರತಿ ತೆಗೆಸಿಕೊಂಡು, ತಾನೂ ಕಲಿತೆನೆಂದು ಮಗುವಿನಂತೆ ಹಿಗ್ಗಿದ್ದರು.

ಅದರ ಮೂರನೆಯ ದಿನವೇ ಆ ಶುಕ್ರವಾರ.

*

ಕಾರ್ಕಳದ ಮನೋರಮಾ ಅಮ್ಮ ಅಂದು ಸಂಜೆ ಐದಕ್ಕೆ ತಮ್ಮ ಉಯಿಲಿನ ಕರಡು ಓದಲು ಬರುವವರಿದ್ದರು. ವಾಸದ ಮನೆಯನ್ನು ಮಗ ಭೋಜನಿಗೆ ಕೊಡದೆ, ಗಂಡನನ್ನು ಕಳೆದುಕೊಂಡ ಹಿರಿಸೊಸೆಯ ಹೆಸರಿಗೆ ಬರೆಯಬೇಕೆಂಬುದು ಅವರ ನಿರ್ಧಾರ. ತಾನು ಬದುಕಿರುವವರೆಗೆ ಅದು ಯಾರ ಕಿವಿಗೂ ಬೀಳಬಾರದೆಂದು ಅವರು ಆಚಾರ್ಯರಿಂದ ಮಾತು ತೆಗೆದುಕೊಂಡಿದ್ದರು.

ವಿಜೇತಾ ಕರಡು ಮುಗಿಸುವಾಗ ನಾಲ್ಕೂವರೆ. ಕಾಪುವಿನಲ್ಲಿ ತಾಯಿಗೆ ಜ್ವರ, ಬಸ್ಸು ಹಿಡಿಯಬೇಕಿತ್ತು. ಅವಳು ಪ್ರಿಂಟ್ ಒತ್ತಿ, ಕಾಗದ ಬರುವುದನ್ನು ಕಾಯದೆ ಚೀಲ ಹೆಗಲಿಗೇರಿಸಿ ಓಡಿದಳು. ‘ಮೇಲೆ’ ಆರಿಸಿದೆನೇ, ಮರೆತೆನೇ? ಆಮೇಲೆ ಎಷ್ಟು ಯೋಚಿಸಿದರೂ ಬೆರಳು ಏನು ಮಾಡಿತ್ತೆಂದು ನೆನಪಿಗೆ ಬರಲೇ ಇಲ್ಲ.

ಆ ಕರಡಿನ ಒಂದು ಪ್ರತಿ ಕೆಳಗೆ ಹೋಗಿತ್ತು. ತಾಯಿಯನ್ನು ಕಾರಿನಲ್ಲಿ ಕರೆತಂದ ಭೋಜ, ಅವರು ಇಳಿದು ಬರುವವರೆಗೆ ಅಂಗಡಿಯಲ್ಲಿ ತನ್ನ ಪಾಸ್‌ಪೋರ್ಟಿನ ಕಾಗದಗಳ ನಕಲು ಮಾಡಿಸುತ್ತಿದ್ದ. ನೂಕುನುಗ್ಗಲಿನಲ್ಲಿ ಹೆಸರಿನ ಹಾಳೆ ಜಾರಿ ಎಲ್ಲೋ ಬಿದ್ದಿತು. ಉಯಿಲಿನ ಪುಟಗಳು ಭೋಜನ ಕಾಗದಗಳೊಳಗೆ ಸೇರಿದವು. ಅದೇ ರಾತ್ರಿ ಅವನು ಅದನ್ನು ಮನೆಮಂದಿಯ ಎದುರು ಗಟ್ಟಿಯಾಗಿ ಓದಿದ. ಬೆಳಗಾಗುವುದರೊಳಗೆ ಹಿರಿಸೊಸೆ ಬಟ್ಟೆಬರೆ ಕಟ್ಟಿಕೊಂಡು ತವರಿಗೆ ಹೊರಟಿದ್ದಳು.

ಸೋಮವಾರ ಮನೋರಮಾ ಅಮ್ಮ ಫೋನಿನಲ್ಲಿ ಫೈಲನ್ನು ಹಿಂದಕ್ಕೆ ಕೇಳಿದರು. ಬೈಯಲಿಲ್ಲ, ಅಳಲಿಲ್ಲ. ಅದೇ ಆಚಾರ್ಯರನ್ನು ಹೆಚ್ಚು ಚುಚ್ಚಿತು. ಅವರು ಪ್ರತೀಕನನ್ನು ಮೇಲೆ ಕರೆಸಿದರು. ಶುಕ್ರವಾರ ವಿಜೇತಾ ಹೋದ ಮೇಲೆ ತಾನೇ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ತಿದ್ದಿ ಪ್ರಿಂಟ್ ಒತ್ತಿ, ಅಮ್ಮನ ಕೈಗೆ ಕೊಟ್ಟದ್ದು ಇಲ್ಲಿನ ಪ್ರಿಂಟರಿನಲ್ಲಿದ್ದ ಪ್ರತಿ ಎಂದರು. ಇನ್ನೊಂದು ನಿನ್ನ ಅಂಗಡಿಗೆ ಹೇಗೆ ಬಂತು, ಮೇಲಿನ ಕಾಗದಗಳನ್ನು ಕದ್ದು ನೋಡುವ ಚಾಳಿ ಎಷ್ಟು ದಿನದ್ದು ಎಂದು ಕೇಳಿದರು. ಪ್ರತೀಕ್ ಒಮ್ಮೆ ವಿಜೇತಾಳ ಕಡೆ ನೋಡಿದ. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ನನ್ನ ಯಂತ್ರದಿಂದ ಬಂದದ್ದು ಸರ್. ಜವಾಬ್ದಾರಿ ನನ್ನದೇ."

ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಬೇಕು, ಗುರುವಾರದೊಳಗೆ ಕೇಬಲ್ ಕಿತ್ತಿರಬೇಕು ಎಂದು ತೀರ್ಮಾನವಾಯಿತು. ಕೊನೆಗೆ ಆಚಾರ್ಯರು ಮೇಜಿನ ಮೇಲೆ ಅಂಗೈಯೂರಿ ಹೇಳಿದ ಮಾತು ವಿಜೇತಾಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು: ತಪ್ಪು ಮಾಡಿದವರು ಯಾರೇ ಇರಲಿ, ಕಾರ್ಕಳಕ್ಕೆ ಹೋಗಿ, ಆ ಇಬ್ಬರು ಹೆಂಗಸರ ಕಾಲು ಮುಟ್ಟಿ ಕ್ಷಮೆ ಕೇಳಬೇಕು.

ಅವಳು ಬಾಯಿ ತೆರೆಯಲಿಲ್ಲ. ಅಂದು ತೆರೆಯಲಿಲ್ಲ, ಮಂಗಳವಾರವೂ ತೆರೆಯಲಿಲ್ಲ. ಪ್ರತಿ ರಾತ್ರಿ ಕಣ್ಣು ಮುಚ್ಚಿದರೆ, ತಾನು ಮುಖವನ್ನೇ ನೋಡದ ಒಬ್ಬ ಹೆಂಗಸು ಚೀಲ ಹಿಡಿದು ಅಂಗಳ ದಾಟುತ್ತಿದ್ದಳು. ನನ್ನ ಒಂದು ಸಣ್ಣ ಸುಖಕ್ಕೆ ಅವಳ ಸೂರು ಹೋಯಿತು. ನನ್ನ ಮೌನಕ್ಕೆ ಅವನ ಅಂಗಡಿ ಹೋಗುತ್ತದೆ. ಪ್ರೀತಿ ಎಂದರೆ ಇದೇ ಏನು? ಹದಿನೆಂಟು ಮೆಟ್ಟಿಲು ಹತ್ತಿ ಬಂದವನನ್ನು ಮೇಲಿನಿಂದ ನೂಕುವುದೇ?

ಬುಧವಾರ ರಾತ್ರಿ ಅವನು ಬಂದು ಬಾಗಿಲು ಬಡಿದ. ಯಂತ್ರದ ಅಡಿಯಲ್ಲೆಲ್ಲೋ ಆ ಹಾಳೆ ಸಿಕ್ಕಿರಬೇಕು. ಅದನ್ನು ಆಚಾರ್ಯರಿಗೆ ತೋರಿಸಿದರೆ ಅವನು ಉಳಿಯುತ್ತಿದ್ದ. ತೋರಿಸದೆ ಅವಳ ಕೈಗೆ ತಂದುಕೊಟ್ಟಿದ್ದ.

ಲಕೋಟೆಯನ್ನು ಎದೆಯ ಮೇಲಿಟ್ಟುಕೊಂಡು ಅವಳು ಬೆಳಗಾಗುವುದನ್ನು ಕಾದಳು.

*

ಗುರುವಾರ ಅವಳು ಕಚೇರಿಗೆ ಬಂದಾಗ ಪ್ರತೀಕ್ ಕಿಟಕಿಯ ಬಳಿ ಮಂಡಿಯೂರಿ, ಗೋಡೆಗೆ ಬಡಿದ ಕ್ಲಿಪ್ಪುಗಳನ್ನು ಒಂದೊಂದಾಗಿ ಕೀಳುತ್ತಿದ್ದ. ತಲೆ ಎತ್ತಿ ನೋಡಿದ. ಆ ನೋಟದಲ್ಲಿ ಒಂದು ಪ್ರಶ್ನೆಯಿತ್ತು. ಅವಳು ನೇರವಾಗಿ ಆಚಾರ್ಯರ ಮೇಜಿನ ಮುಂದೆ ನಿಂತು, ಲಕೋಟೆಯನ್ನು ಅವರ ಮುಂದಿಟ್ಟಳು.

"ಸರ್, ಇವರದ್ದು ತಪ್ಪಿಲ್ಲ. ನನ್ನ ಕಂಪ್ಯೂಟರ್ ಆರು ತಿಂಗಳಿನಿಂದ ಕೆಳಗಿನ ಯಂತ್ರಕ್ಕೇ ಕಳುಹಿಸುತ್ತಾ ಉಂಟು. ನನಗೆ ಗೊತ್ತಿತ್ತು."

ಆಚಾರ್ಯರು ಕನ್ನಡಕದ ಮೇಲಿನಿಂದ ನೋಡಿದರು.

"ಗೊತ್ತಿದ್ದೂ ಸರಿ ಮಾಡಲಿಲ್ಲ ಎಂತಕ್ಕೆ?"

ಈ ಪ್ರಶ್ನೆಗೆ ಅವಳು ರಾತ್ರಿಯಿಡೀ ಬೇರೆ ಬೇರೆ ಉತ್ತರಗಳನ್ನು ಕಟ್ಟಿದ್ದಳು. ಒಂದೂ ನೆನಪಿಗೆ ಬರಲಿಲ್ಲ. ಉಳಿದದ್ದು ನಿಜವೊಂದೇ.

"ಸರಿ ಮಾಡಿದರೆ ಇವರು ಮೇಲೆ ಬರುವುದಿಲ್ಲ, ಸರ್."

ಕಿಟಕಿಯ ಬಳಿ ಸ್ಕ್ರೂಡ್ರೈವರ್ ಕೈಜಾರಿ ನೆಲಕ್ಕೆ ಬಿತ್ತು.

ವಿಜೇತಾ ಹಿಂದೆ ತಿರುಗಲಿಲ್ಲ. ತಿರುಗಿದರೆ ಅಳು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಶುಕ್ರವಾರದ ಅವಸರವನ್ನೂ, ಸೋಮವಾರದ ಹೇಡಿತನವನ್ನೂ ಒಂದೂ ಬಿಡದೆ ಹೇಳಿದಳು. ಇವರಿಗೆ ಸಾಕ್ಷಿ ಸಿಕ್ಕಿದರೂ ನನಗಾಗಿ ಮುಚ್ಚಿಟ್ಟರು, ಅದು ಈ ಲಕೋಟೆಯಲ್ಲಿದೆ, ಅಂಗಡಿಯನ್ನು ಇವರಿಗೇ ಬಿಡಿ, ಕೆಲಸ ಬಿಡಬೇಕಾದವಳು ನಾನು ಎಂದಳು.

ಪ್ರತೀಕ್ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತ.

"ಸರ್, ನನಗೂ ಗೊತ್ತಿತ್ತು," ಎಂದ. "ಮೊದಲನೇ ವಾರದಲ್ಲೇ ಗೊತ್ತಾಗಿದೆ. ಎರಡು ಕ್ಲಿಕ್ಕಿನ ಕೆಲಸ, ನಾನಾದರೂ ಬಂದು ಮಾಡಬಹುದಿತ್ತು. ನಾನೂ ಮಾಡಲಿಲ್ಲ."

ಆಚಾರ್ಯರು ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. ಅವರ ಮೀಸೆಯಡಿಯಲ್ಲಿ ಏನೋ ಅಲುಗಿದಂತಾಯಿತು. ಆದರೆ ದನಿ ಸಡಿಲವಾಗಲಿಲ್ಲ. ಪ್ರೇಮ ನಿಮ್ಮದು, ಅದು ಈ ಕಚೇರಿಯ ವಿಷಯವಲ್ಲ. ಮನೆ ಕಳೆದುಕೊಂಡವಳ ವಿಷಯ ಮಾತ್ರ ಈ ಕಚೇರಿಯದು ಎಂದರು.

"ಕಾರ್ಕಳಕ್ಕೆ ನೀನು ಹೋಗಬೇಕಾಗುತ್ತದೆ ವಿಜೇತಾ."

"ಹೋಗುತ್ತೇನೆ ಸರ್."

ಆಗ ಪ್ರತೀಕ್ ಅವಳ ಕಡೆ ಬಾಗಿ, ತಗ್ಗಿದ ದನಿಯಲ್ಲಿ, ಮೊತ್ತಮೊದಲ ಬಾರಿಗೆ ತುಳುವಿನಲ್ಲಿ ಮಾತನಾಡಿದ. ನೀನು ಎಲ್ಲಿಗೆ ಹೋದರೂ ನಾನೂ ಒಟ್ಟಿಗೆ ಬರುತ್ತೇನೆ ಎಂದ. ಅವಳಮ್ಮ ಅವಳನ್ನು ಕರೆಯುವ, ನೀನು ಎಂಬರ್ಥದ ‘ಈ’ ಎಂಬ ಆ ಒಂದಕ್ಷರದ ಏಕವಚನ ಅವನ ಬಾಯಿಂದ ಬಂದಾಗ, ನಾಲ್ಕು ದಿನಗಳಿಂದ ಬಿಗಿದುಕೊಂಡಿದ್ದದ್ದು ಅವಳೊಳಗೆ ಸಡಿಲವಾಯಿತು. ಮರುಕ್ಷಣವೇ ಅವನ ಕಣ್ಣು ಮೇಜಿನ ಮೇಲಿನ ಲಕೋಟೆಗೆ ಹೋಯಿತು. ಅದರ ಅಂಟು ಹಾಗೆಯೇ ಇತ್ತು.

"ಇದನ್ನು ನೀನು ತೆರೆದು ನೋಡಲೇ ಇಲ್ಲವಾ?" ಎಂದು ಅವನು ಅದೇ ತುಳುವಿನಲ್ಲಿ, ಗಾಬರಿಯಿಂದ ಕೇಳಿದ. ಇಲ್ಲವೆಂದು ಅವಳು ತಲೆಯಾಡಿಸಿದಳು. ಅವನು ಲಕೋಟೆಗಾಗಿ ಕೈಚಾಚಿದ. "ಸರ್, ಅದು ಬೇಡ. ನಾನು ಅದನ್ನು ಕೊಟ್ಟದ್ದು ಇವಳ ಸಮಾಧಾನಕ್ಕೆ ಮಾತ್ರ."

ಆಚಾರ್ಯರು ಆಗಲೇ ಲಕೋಟೆ ಹರಿದಿದ್ದರು. ನಾಲ್ಕು ಮಡಿಕೆ ಬಿಡಿಸಿದರು. ಓದಿದರು. ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮತ್ತೊಮ್ಮೆ ಓದಿದರು.

"ಪ್ರತೀಕ್, ಆ ಕೇಬಲ್ ಕೀಳಬೇಡ," ಎಂದರು. "ವಿಜೇತಾ, ಕಾರ್ಕಳಕ್ಕೆ ನೀನು ಹೋಗುವುದೂ ಬೇಡ."

ಅವರು ಹಾಳೆಯನ್ನು ಮೇಜಿನಾಚೆಗೆ ಅವಳತ್ತ ಸರಿಸಿದರು. ಅವಳು ಓದಿದಳು.

ಕಳುಹಿಸಿದವರು: ಹಯಗ್ರೀವ. ಶುಕ್ರವಾರ, ಸಂಜೆ ೫.೧೨.