ಬಲಪುಟದ ಹಾಡು

ಹೇಳದೇ ಇದ್ದರೆ ಅದೂ ಸುಳ್ಳೇ ಆಗುತ್ತದೆಯೇ?

ಹನ್ನೊಂದು ದಿನಗಳಿಂದ ಮೈತ್ರೇಯಿ ಡೈರಿಯಲ್ಲಿ ಇದೊಂದೇ ಪ್ರಶ್ನೆ ಬರೆದು, ಕೆಳಗೆ ಗೆರೆ ಎಳೆದು, ಮುಚ್ಚಿಡುತ್ತಿದ್ದಳು. ಬಿ.ಎ. ಮುಗಿಸಿದ್ದರೂ ಮನೆಗೆ ಯಾರಾದರೂ ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ಸರಿಯುವ ಹುಡುಗಿ. ಅವಳ ಮಾತೆಲ್ಲ ಆ ಡೈರಿಗೇ ಮೀಸಲು.

ಅದೇ ಡೈರಿಯ ಒಂದು ಪುಟ ಈಗ ಹಾಡಾಗಿಬಿಟ್ಟಿತ್ತು!

ನಾಗಪುರದ ಸಿವಿಲ್ ಲೈನ್ಸ್‌ನ ಹಳೆಯ ಬಂಗಲೆಯೊಂದರ ಹಿಂಬದಿಯ ಸ್ಟುಡಿಯೋಗೆ ಅವಳು ಮೊದಲ ಸಲ ಕಾಲಿಟ್ಟದ್ದು ಮೇ ತಿಂಗಳ ಉರಿ ಮಧ್ಯಾಹ್ನ. ‘ದುಪಾರಿ’ ಎಂಬ ಜಾಝ್-ಪಾಪ್ ತಂಡದ ಎರಡನೆಯ ಆಲ್ಬಂ ಅಲ್ಲಿ ರೆಕಾರ್ಡ್ ಆಗುತ್ತಿತ್ತು. ಡ್ರಮ್ಸ್ ನುಡಿಸುವ ರಾಗಿಣಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಹೋಗಿ ಕೂಲರ್ ಆರಿಸಿದಳು. ಅದು ತಿರುಗುತ್ತಿದ್ದರೆ ಅದರ ಸದ್ದನ್ನೂ ಮೈಕ್ ಹಿಡಿದುಬಿಡುತ್ತದೆ.

“ಇನ್ನ ನಾಲ್ಕ್ ನಿಮಿಷ ಎಲ್ಲಾರೂ ಬೆಂದು ಹೋಗ್ರಿ,” ಎಂದಳು ರಾಗಿಣಿ. “ಬೆಂದ್ರನ ಹಾಡು ಚಲೋ ಬರತೈತಿ.”

ಗಾಜಿನಾಚೆ ಕೀಬೋರ್ಡ್ ಮುಂದೆ ಕುಳಿತಿದ್ದ ತಂಡದ ಗಾಯಕ ಅಮೇಯ ತಲೆಯೆತ್ತಿದ. ಕಣ್ಣಿಗೆ ಕಣ್ಣು ಸೇರಿತು. ಮೈತ್ರೇಯಿಗೆ ಆ ಮುಖ ಪರಿಚಯದ್ದು. ಅವನು ಮೆಲ್ಲಗೆ ಹಾಡತೊಡಗಿದ.

*ಸೀಟು ಖಾಲಿಯಿದ್ದರೂ ನಿಂತೇ ಬರುವವನೇ...*
*ಇಳಿಯುವ ಮುನ್ನ ಒಮ್ಮೆಯಾದರೂ*
*ನನ್ನ ಕಡೆ ನೋಡಬಾರದೇ...*

ಆ ಧಗೆಯಲ್ಲೂ ಅವಳ ಅಂಗೈ ತಣ್ಣಗಾಯಿತು. ‘ಅಯ್ಯೋ... ನಾನು ಕೊಟ್ಟದ್ದು ಇದಲ್ಲ...’

ಅಮೇಯನ ಮನೆಯವರು ಬಾಗಲಕೋಟೆ ಕಡೆಯವರು. ಅವನು ಹುಟ್ಟಿ ಬೆಳೆದದ್ದೆಲ್ಲ ನಾಗಪುರದಲ್ಲೇ. ಕನ್ನಡ ಮಾತಾಡುತ್ತಾನೆ, ಓದಲು ಬಾರದು. ಆಲ್ಬಂನ ಒಂಬತ್ತು ಹಾಡುಗಳಲ್ಲಿ ಒಂದಾದರೂ ಕನ್ನಡದ್ದಿರಲಿ ಎಂದು, ಕನ್ನಡ ಸಂಘದ ಪುಸ್ತಕಗಳನ್ನು ನೋಡಿಕೊಳ್ಳುವ ಮೈತ್ರೇಯಿಯನ್ನು ಫೋನಿನಲ್ಲಿ ಕೇಳಿದ್ದ. ಅವಳು ಡೈರಿಯ ಫೋಟೋ ತೆಗೆದು ಕಳಿಸಿದ್ದಳು. ಎಡಪುಟದಲ್ಲಿ ಗುಲ್‌ಮೊಹರ್ ಹೂವಿನ ಮೇಲೊಂದು ಪದ್ಯ. ಅವಸರದಲ್ಲಿ ಬಲಪುಟವೂ ಫೋಟೋದೊಳಗೆ ಬಂದಿತ್ತು. ಅವನ ತಾಯಿ ತುಂಗಾ ಎರಡು ಪುಟಗಳನ್ನೂ ಮಗನಿಗೆಂದು ಮರಾಠಿ ಲಿಪಿಯಲ್ಲಿ ಬರೆದುಕೊಟ್ಟರು. ಮಗ ಬಲಪುಟವನ್ನು ಆರಿಸಿಕೊಂಡ.

ಅವಳು ಕಾಲೇಜಿಗೆ ಹೋಗುತ್ತಿದ್ದ ಕೊನೆಯ ಎರಡು ವರ್ಷ ಅವಳದೇ ಮೆಟ್ರೋದಲ್ಲಿ, ಕೀಬೋರ್ಡಿನ ಉದ್ದ ಚೀಲ ತಬ್ಬಿಕೊಂಡು ನಿಂತೇ ಬರುತ್ತಿದ್ದ, ಹೆಸರೂ ಗೊತ್ತಿಲ್ಲದ ಹುಡುಗನೊಬ್ಬನಿಗೆ ಅವಳು ಬರೆದ ಮಾತುಗಳು ಅವು. ಆ ಹುಡುಗನೇ ಈಗ ಅವನ್ನು ಯಾರದೋ ಕಥೆಯೆಂಬಂತೆ ಹಾಡುತ್ತಿದ್ದ. ತಾನು ನಿಂತ ಭಂಗಿ ತನಗೆಲ್ಲಿ ಕಾಣುತ್ತದೆ?

‘ಈಗಲೇ ಹೇಳಿಬಿಡು,’ ಎಂದಿತು ಮನಸ್ಸು. ಹಾಡು ಮುಗಿದು ಅವನು ಹೇಗಿದೆ ಎಂದು ಕೇಳಿದಾಗ, ಚಲೋ ಐತಿ ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು.

ಅಂದಿನಿಂದ ಉಚ್ಚಾರಣೆ ತಿದ್ದುವ ನೆಪದಲ್ಲಿ ದಿನವೂ ಹೋದಳು. ಅಮೇಯ ಅವಳಿಗೆಂದು ಒಂದು ಲೋಟ ಮಾವಿನಕಾಯಿ ಪಾನಕ ತೆಗೆದಿಟ್ಟಿರುತ್ತಿದ್ದ. ‘ನಿಂತೇ ಬರುವವನೇ’ ಎಂಬಲ್ಲಿ ಅವನ ದನಿ ದಿನದಿಂದ ದಿನಕ್ಕೆ ಹೆಚ್ಚು ತಡೆದು ನಿಲ್ಲುತ್ತಿತ್ತು. ಗಾಜಿನ ಈಚೆ ಕುಳಿತ ಅವಳು ತನ್ನದೇ ಮಾತಿಗಾಗಿ ಹಂಬಲಿಸುತ್ತಿದ್ದಳು. ಇಷ್ಟು ಹತ್ತಿರ, ಆದರೂ ಎಷ್ಟು ದೂರ...

ಹನ್ನೆರಡನೆಯ ದಿನ ಅವಳು ಬಂದಾಗ ಗೋಡೆಯ ಬೋರ್ಡಿನ ಮೇಲೆ ಎಂಟೇ ಹಾಡುಗಳ ಹೆಸರಿದ್ದವು; ಅವಳ ಹಾಡಿನದು ಇರಲಿಲ್ಲ.

ಅಮೇಯನೇ ಅಳಿಸಿದ ಎಂದಳು ರಾಗಿಣಿ. ನಾಲ್ಕು ಗಂಟೆಗೆ ಹಾಡುಗಳೆಲ್ಲ ಕೊನೆಯ ಕೆಲಸಕ್ಕೆ ಪುಣೆಗೆ ಹೋಗಬೇಕು, ಕಾರಣ ಕೇಳಿದರೆ ಮುಖ ಗಂಟು ಹಾಕಿಕೊಂಡಿದ್ದಾನೆ, ನೀನಾದರೂ ಕೇಳು ಎಂದು ಅವಳನ್ನು ವರಾಂಡದತ್ತ ತಳ್ಳಿದಳು.

ಅಮೇಯ ವರಾಂಡದಲ್ಲಿ ಮೈಕಿನ ವೈರು ಸುತ್ತುತ್ತಿದ್ದ. ಅವಳನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

“ನಿನ್ನೆ ಅವ್ವಗ ಹಾಡು ಕೇಳಿಸ್ದೆ. ಇದು ಪದ್ಯ ಅಲ್ಲೋ, ಖರೇ ಮನುಷ್ಯಾಗ ಬರ್ದ ಮಾತು ಅಂದ್ಲು. ಯಾರಿಗಂತ ಕೇಳಿದ್ರ ನಕ್ಕು, ಆಕೀನ್ನ ಕೇಳು ಅಂದ್ಲು.”

ಮೈತ್ರೇಯಿ ಕಂಬಕ್ಕೆ ಒರಗಿದಳು; ಅವನು ವೈರು ಸುತ್ತುತ್ತಲೇ ಮುಂದುವರಿಸಿದ.

“ಕೇಳೂದೇನೈತಿ? ಮೌದಾ ಊರಿನ ಇಂಜಿನಿಯರ್ ಅಭಿಜಿತ್ ಅಂತ... ನಿಮ್ಮನಿಯೊಳಗ ಲಗ್ನದ ಮಾತೆಲ್ಲಾ ಬರೋಬರ್ ಆಗೇತಿ ಅಂತ ಸಂಘದಾಗ ಮಾತಾಡ್ತಾರ. ಅಂವಗ ಬರ್ದದ್ದನ್ನ ನಾ ಹ್ಯಾಂಗ ಹಾಡ್ಲಿ, ಮೈತ್ರೇಯಿ?”

ಆ ಸಂಬಂಧ ಬೇಡವೆಂದು ಅವಳು ತಾಯಿಯ ಮುಂದೆ ತಲೆಯಾಡಿಸಿ ಒಂದು ತಿಂಗಳಾಗಿತ್ತು. ಅದನ್ನು ಹೇಳಲು ಬಾಯಿ ತೆರೆದಳು. ಆದರೆ ತಲೆ ತಗ್ಗಿಸಿಬಿಟ್ಟಳು.

ಅವನು ವೈರನ್ನು ಹೆಗಲಿಗೇರಿಸಿ, ಒಣ ನಗೆ ನಕ್ಕ.

“ಒಂದ್ ಮಾತು ಹೇಳ್ಲಾ? ಹಾಡುವಾಗೆಲ್ಲಾ ಅಂವನ ಮ್ಯಾಲೆ ಹೊಟ್ಟಿಕಿಚ್ಚು ಬರ್ತಿತ್ತು. ನನ್ನನ್ನ ಹಿಂಗ ಯಾರೂ ನೋಡಿಲ್ಲ.”

ಅವನು ಒಳಗೆ ಹೋದ.

ಗೇಟಿನಾಚೆ ಆಟೋವೊಂದು ನಿಂತಿತ್ತು. ಹತ್ತಿ ಮನೆಗೆ ಹೋದರೆ ಡೈರಿಯಿದೆ. ಅದು ಏನನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ... ‘ಇದನ್ನೂ ಅದರೊಳಗೇ ಹೂತುಬಿಡಲೇ?’

ಎರಡು ಹೆಜ್ಜೆ ಗೇಟಿನತ್ತ ಇಟ್ಟಳು. ನಿಂತಳು. ತಿರುಗಿ, ಬಹುತೇಕ ಓಡುತ್ತಲೇ ಒಳಗೆ ಬಂದಳು.

ಅಮೇಯ ಕಂಪ್ಯೂಟರ್ ಮುಂದೆ ಕುಳಿತು ಎಂಟು ಹಾಡುಗಳನ್ನು ಕಳಿಸಲು ಅಣಿ ಮಾಡುತ್ತಿದ್ದ. ಅವಳನ್ನು ನೋಡಿದ್ದೇ ರಾಗಿಣಿ, ಚಹಾ ಕುಡಿಯುವುದು ನೆನಪಾದವಳಂತೆ ಎದ್ದು ಹೊರಗೆ ನಡೆದಳು.

“ಕಳಿಸಬ್ಯಾಡ್ರಿ.”

ಅವನ ಕೈ ತಡೆಯಿತು. “ಯಾಕ?”

“ಅಭಿಜಿತ್‌ನ ನಾ ಒಮ್ಮಿ ಸೈತ ನೋಡಿಲ್ಲ. ಬ್ಯಾಡ ಅಂತ ಆಗ್ಲೇ ಹೇಳೇನಿ.”

“ಮತ್ತ ಆ ನಿಂತು ಬರಾಂವ ಯಾರು?”

ಎಂದಿನಂತೆ ತಲೆ ತಗ್ಗಿಸಬೇಕೆನ್ನಿಸಿತು. ತಗ್ಗಿಸಲಿಲ್ಲ. ಗಾಜಿಲ್ಲದೆ, ಹಾಡಿಲ್ಲದೆ, ಮೊದಲ ಬಾರಿಗೆ ಅವನ ಕಣ್ಣನ್ನೇ ನೋಡಿದಳು.

“ನೀವ, ಅಮೇಯ. ಎರಡು ವರ್ಷ ನಾ ನಿಮ್ಮನ್ನ ನೋಡ್ಕೋತ ಬಂದೇನಿ.”